ಚಿಕ್ಕಬೆಟ್ಟವನ್ನು 271 ಸಲ ಕೇಳಿದ್ದು

ಟ್ರಂಕ್ ಕಾಲ್ ಕಾಲದ ನಮ್ಮ ಹಿರಿಯರ ಶಿಸ್ತನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮೂರು ನಿಮಿಷಕ್ಕೆ ಇಷ್ಟು ಎಂದು ಲೆಕ್ಕ. ಅಂಚೆ ಕಚೇರಿಯಲ್ಲಿ ಬುಕ್ ಮಾಡಿ, ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು, ಕೊನೆಗೂ ಲೈನ್ ಸಿಕ್ಕಿತು ಅಂದಾಗ ಅಂಗಿಯ ಜೇಬಿನಿಂದ ಚೀಟಿ ಹೊರಬರುತ್ತಿತ್ತು. ಮದುವೆಯ ದಿನ, ಛತ್ರದ ವಿಳಾಸ, ಬರುವವರೆಷ್ಟು ಜನ, ಅಡುಗೆಯವರಿಗೆ ಕೊಟ್ಟ ಮುಂಗಡ, ಅತ್ತೆಯ ಮಂಡಿನೋವು, ಎಲ್ಲ ಒಂದರ ಕೆಳಗೊಂದು. ಮಂಡಿನೋವಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಮೂರು ನಿಮಿಷ ಮುಗಿದಿರುತ್ತಿತ್ತು. ಅತ್ತೆಯಂದಿರು ಅದನ್ನು ಮರೆಯುತ್ತಿರಲಿಲ್ಲ, ಆ ಮಾತು ಬೇರೆ.

ಈಗ ಮಾತು ಬಿಟ್ಟಿ. ನನ್ನ ಷಡ್ಡಕರು ಒಬ್ಬರಿದ್ದಾರೆ, ಕುವೆಂಪುನಗರದಲ್ಲಿ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡರೆ ಹೀಗೆ ಫೋನ್ ಮಾಡುತ್ತಾರೆ: “ಹಲೋ, ಚೆನ್ನಾಗಿದ್ದೀರಾ? ಭಾನುವಾರ ನಿಮ್ಮನೇಲಿ ಯಾರ್ಯಾರು ಬರ್ತೀರಿ?” ಹೆಸರು ಹೇಳುತ್ತೇನೆ. ಫೋನ್ ಇಡುತ್ತಾರೆ. ಮರುಕ್ಷಣ ಮತ್ತೆ ಗಂಟೆ. “ಹಲೋ, ಚೆನ್ನಾಗಿದ್ದೀರಾ? ನಿಮ್ಮ ಮನೆಯವರು ಈರುಳ್ಳಿ ತಿಂತಾರಾ?” ತಿಂತಾರೆ. ಇಟ್ಟರು. “ಹಲೋ, ಚೆನ್ನಾಗಿದ್ದೀರಾ? ಮಗ ತಿಂತಾನಾ?” ಒಬ್ಬೊಬ್ಬರಿಗೂ ಒಂದೊಂದು ಫೋನು, ಪ್ರತಿ ಫೋನಿಗೂ ಒಂದು ಕ್ಷೇಮ ಸಮಾಚಾರ. ಎರಡು ಫೋನುಗಳ ನಡುವಿನ ಅರ್ಧ ನಿಮಿಷದಲ್ಲಿ ನನ್ನ ಆರೋಗ್ಯ ಅಷ್ಟೇನೂ ಬದಲಾಗಿರುವುದಿಲ್ಲ. ಕೇಳಿದ ಮೇಲೆ ಹೇಳದೆ ಇರಲಾಗುತ್ತದೆಯೇ?

ಈ ಪದ್ಧತಿಗೆ ಸಾಫ್ಟ್‌ವೇರ್‌ನವರಲ್ಲಿ ಒಂದು ಹೆಸರಿದೆ ಎಂದು ತಿಳಿದದ್ದು ನನ್ನ ಅಕ್ಕನ ಮಗಳಿಂದ. ‘ಎನ್ ಪ್ಲಸ್ ಒನ್’ ಅಂತೆ. ಮೊದಲು ಒಂದು ಪ್ರಶ್ನೆ: ಯಾರ್ಯಾರು? ಆಮೇಲೆ ಪಟ್ಟಿಯಲ್ಲಿ ಎಷ್ಟು ಹೆಸರು ಬಂತೋ ಅಷ್ಟು ಪ್ರಶ್ನೆ. ಡೇಟಾಬೇಸಿನ ಹತ್ತಿರ ಮಾತಾಡುವ ವೆಬ್ ಅಪ್ಲಿಕೇಶನ್ನುಗಳಲ್ಲಿ ನೂರಕ್ಕೆ ತೊಂಬತ್ತು ಹೀಗೇ ಮಾತಾಡುತ್ತವೆ ಎಂದು ಅವಳ ಆರೋಪ. ಅದು ಅವಳ ಕೋಪದ ಲೆಕ್ಕ. ಯಾರೂ ಎಣಿಸಿದ್ದಲ್ಲ.

ಅವಳ ಕಚೇರಿ ಹೆಬ್ಬಾಳದ ಕಡೆ. ಮೈಸೂರಿನಲ್ಲಿ ಹೆಬ್ಬಾಳ ಎಂದರೆ ಕೇಳಿದವರಿಗೆ ಇನ್ಫೋಸಿಸ್ ಕ್ಯಾಂಪಸ್ಸೇ ಕಣ್ಣಿಗೆ ಬರುತ್ತದೆ. ದೇಶದ ಮೂಲೆ ಮೂಲೆಯಿಂದ ಕಾಲೇಜು ಮುಗಿಸಿದ ಮಕ್ಕಳು ಅಲ್ಲಿಗೆ ಬಂದು ತರಬೇತಿ ಪಡೆದು, ರಜಾದಿನ ಬಂತೆಂದರೆ ಅರಮನೆಯ ದೀಪ ನೋಡಲು ಗುಂಪುಗುಂಪಾಗಿ ಊರೊಳಗೆ ಇಳಿಯುತ್ತಾರೆ. ಇವಳದು ಅದಲ್ಲ, ಅದರಾಚೆ ಎಲ್ಲೋ ಒಂದು ಸಣ್ಣ ಕಚೇರಿ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಧಾರವಾಡದ ನೆಂಟರು “ಮೈಸೂರಿನಿಂದ ದಿನಾ ಬೆಂಗಳೂರಿಗೆ ಹೋಗಿಬರ್ತಾಳಂತಲ್ಲ, ಪಾಪ” ಎಂದು ಮರುಗಿದ್ದರು. ಬೆಂಗಳೂರಿನಲ್ಲೂ ಒಂದು ಹೆಬ್ಬಾಳ ಇದೆಯಲ್ಲ. 8ನೇ ಶತಮಾನದ ಕಿತ್ತಯ್ಯನ ವೀರಗಲ್ಲು ಸಿಕ್ಕಿದ ಹೆಬ್ಬಾಳ ಅದು. ಈ ಎರಡು ಹೆಬ್ಬಾಳಗಳ ಗೊಂದಲ ಮುಂದೆ ಕೆಲಸಕ್ಕೆ ಬರುತ್ತದೆ, ಆದ್ದರಿಂದ ಹೇಳಿದೆ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಬಿದ್ದದ್ದು ಒಂದು ಶಾಸನದ ಗುಂಪಿಗೆ. ಶಾಸನ ಓದುವ ಚಪಲದ ನಾಲ್ಕಾರು ಜನ ನಿವೃತ್ತರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು, ಸರಸ್ವತಿಪುರದ ಒಬ್ಬ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿದು, ಕಾಫಿಯ ನೆಪದಲ್ಲಿ ಜಗಳವಾಡುತ್ತೇವೆ. ಮೇಷ್ಟ್ರ ಮೇಜಿನ ಮೇಲೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳಿವೆ. 1886ರಲ್ಲಿ ಕೊಡಗಿನ ಶಾಸನಗಳಿಂದ ಶುರು ಮಾಡಿ 1905ರ ಹೊತ್ತಿಗೆ ಬಿ.ಎಲ್. ರೈಸ್ ಅವರು ಹನ್ನೆರಡು ಸಂಪುಟ ತಂದರು. ಸುಮಾರು 9,000 ಶಾಸನ. ಎತ್ತಿನ ಗಾಡಿ, ಕುದುರೆ, ಕಾಲ್ನಡಿಗೆಯ ಕಾಲದಲ್ಲಿ.

ಅಂಥ ಮಹಾನುಭಾವರ ಮೇಲೆ ಮೇಷ್ಟ್ರಿಗೆ ಇರುವುದು ಒಂದೇ ದೂರು. ಪುಸ್ತಕದಲ್ಲಿ ಒಂದು ಶಾಸನ ಒಂದು ಕಡೆ ಇರುವುದಿಲ್ಲ. ಇಂಗ್ಲಿಷ್ ಅನುವಾದಗಳದೇ ಒಂದು ಭಾಗ, ರೋಮನ್ ಲಿಪಿಯ ಪಾಠಗಳದು ಇನ್ನೊಂದು, ಕನ್ನಡ ಲಿಪಿಯ ಪಾಠಗಳದು ಮತ್ತೊಂದು. ಪೀಠಿಕೆಯಲ್ಲಿ ಅದೇ ಶಾಸನದ ಚರ್ಚೆ, ಅದು ನಾಲ್ಕನೆಯ ಕಡೆ. ಮೇಷ್ಟ್ರು ಓದುವುದನ್ನು ನೋಡಬೇಕು. ಎಡಗೈಯ ತೋರುಬೆರಳು ಕನ್ನಡ ಪಾಠದಲ್ಲಿ, ನಡುಬೆರಳು ರೋಮನ್ ಪಾಠದಲ್ಲಿ, ಬಲಗೈಯ ಹೆಬ್ಬೆಟ್ಟು ಅನುವಾದದಲ್ಲಿ, ಪೀಠಿಕೆಗೆ ಕನ್ನಡಕದ ಕಡ್ಡಿ. ಪೀಠಿಕೆ ಓದಲು ಕನ್ನಡಕ ಬೇಕು, ಕನ್ನಡಕ ತೆಗೆದರೆ ಪುಟ ತಪ್ಪುತ್ತದೆ. “ಒಂದು ಕಲ್ಲಿಗೆ ನಾಲ್ಕು ಸಲ ಎದ್ದು ಹೋಗಬೇಕು ಕಣ್ರೀ” ಎಂದು ಗೊಣಗುತ್ತಾರೆ, ಕೂತಲ್ಲೇ ಕೂತು.

ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಒಂದೇ ಪುಟದಲ್ಲಿ ಕಾಣುವ ಹಾಗೆ ಮಾಡೋಣ ಎಂದು ಅಕ್ಕನ ಮಗಳು ಒಪ್ಪಿಕೊಂಡಳು. ಅವಳಿಗೆ ಶಾಸನದಲ್ಲಿ ಆಸಕ್ತಿಯೇನಿಲ್ಲ. ಮೇಷ್ಟ್ರ ಮನೆಯವರು ಮಾಡುವ ಬಿಸಿಬೇಳೆಬಾತಿನಲ್ಲಿ ಇತ್ತು.

ಮೊದಲ ದಿನವೇ ಜಗಳ. ಪ್ರತಿ ಶಾಸನದ ಮುಂದೆ ಊರು, ತಾಲ್ಲೂಕು, ಜಿಲ್ಲೆ, ಅರಸ, ಮನೆತನ ಎಲ್ಲ ಬರೆದುಬಿಡೋಣ ಎಂದು ನಾನು. ನಲವತ್ತು ವರ್ಷ ಲೆಡ್ಜರ್ ನೋಡಿದವನ ಬುದ್ಧಿ. ಅವಳು ತಲೆಯಾಡಿಸಿದಳು. “ಮಾವ, ಶ್ರೀರಂಗಪಟ್ಟಣ ಯಾವ ಜಿಲ್ಲೆ?” ಮಂಡ್ಯ ಅಂದೆ. ಮೇಷ್ಟ್ರು ರೈಸರ 1894ರ ಮೂರನೆಯ ಸಂಪುಟ ತೆಗೆದು ತೋರಿಸಿದರು: ಮೈಸೂರು ಜಿಲ್ಲೆ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಗುಂಡ್ಲುಪೇಟೆಯೂ ಮೈಸೂರು ಜಿಲ್ಲೆಯೇ ಆಗಿತ್ತು, 1997ರಲ್ಲಿ ಚಾಮರಾಜನಗರಕ್ಕೆ ಹೋಯಿತು. ನನ್ನ ಲೆಡ್ಜರ್ ಪದ್ಧತಿಯಲ್ಲಾದರೆ ಸರ್ಕಾರ ಒಂದು ಜಿಲ್ಲೆ ಒಡೆದಾಗಲೆಲ್ಲ ನೂರಾರು ಸಾಲು ತಿದ್ದುತ್ತ ಕೂರಬೇಕು, ಎರಡು ಸಾಲು ಬಿಟ್ಟುಹೋದರೆ ಅವು ಶಾಶ್ವತವಾಗಿ ಹಳೆಯ ಜಿಲ್ಲೆಯಲ್ಲೇ ಉಳಿಯುತ್ತವೆ. ಊರುಗಳಿಗೆ ಬೇರೆ ಟೇಬಲ್ ಮಾಡಿ, ಶಾಸನದ ಸಾಲಿನಲ್ಲಿ ಊರಿನ ನಂಬರ್ ಮಾತ್ರ ಇಟ್ಟರೆ, ತಿದ್ದುವುದು ಒಂದೇ ಕಡೆ. ಹೆಸರೇ ಏಕೆ ಇಡಬಾರದು, ನಂಬರ್ ಏಕೆ ಎಂದರೆ ಅದಕ್ಕೆ ಆ ಎರಡು ಹೆಬ್ಬಾಳಗಳೇ ಉತ್ತರ.

ಹೀಗೆ ಮಾಹಿತಿಯನ್ನು ಸಣ್ಣ ಸಣ್ಣ ಟೇಬಲ್ಲುಗಳಿಗೆ ಹಂಚಿ, ನಂಬರಿನ ದಾರದಿಂದ ಕಟ್ಟುವ ವಿದ್ಯೆಗೆ ತಳಹದಿ ಹಾಕಿದವರು ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು, 1970ರ ಒಂದು ಲೇಖನದಲ್ಲಿ. ಆದರೆ ಹಂಚಿದ್ದನ್ನು ಮತ್ತೆ ಕೂಡಿಸುವ ತಲೆನೋವು ಅದಕ್ಕಿಂತ ಹಳೆಯದು, ಮೈಸೂರಿಗಂತೂ ಚೆನ್ನಾಗಿ ಗೊತ್ತು. 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯನ್ನೇ ನೋಡಿ. ಈಗ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯ. 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ಓಲೆ ಸಿಕ್ಕಿ, 1909ರಲ್ಲಿ ಅಚ್ಚಾಗಿ, ಜಗತ್ತೆಲ್ಲ ಮೈಸೂರಿನ ಕಡೆ ತಿರುಗಿ ನೋಡಿದ್ದು ಅಲ್ಲಿಂದಲೇ. ಓಲೆಯ ಕಟ್ಟು ಒಂದು, ಒಳಗೆ ಕೃತಿ ಹಲವು. ಕೃತಿ ಒಂದು, ಅದರ ಪ್ರತಿ ಹತ್ತು ಕಟ್ಟಿನಲ್ಲಿ. ಅಂಥಲ್ಲಿ ಸೂಚಿ ತಯಾರಿಸುವವರ ಕಷ್ಟ ಅವರಿಗೇ ಗೊತ್ತು. ಅವರು ಅದನ್ನು ಪೆನ್ಸಿಲ್ ಹಿಡಿದು, ತಾಳ್ಮೆಯಿಂದ ಮಾಡಿದರು. ನಮ್ಮ ಹುಡುಗಿ ಜ್ಯಾಂಗೊ ಹಿಡಿದು, ತಾಳ್ಮೆ ಇಲ್ಲದೆ ಮಾಡಿದಳು.

ಜ್ಯಾಂಗೊ ಎಂಬುದು ವೆಬ್ ಅಪ್ಲಿಕೇಶನ್ ಕಟ್ಟುವ ಸಾಧನ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರ ಕೈಗೆ ಬಂತು. ಪತ್ರಿಕೆಯವರ ಅವಸರಕ್ಕೆ ಮಾಡಿದ್ದಾದ್ದರಿಂದ ಅದರಲ್ಲಿ ಕೆಲಸ ಬೇಗ ಆಗುತ್ತದೆ. ‘ಶಾಸನ’ ಎಂದು ಬರೆದು ಒಂದು ಚುಕ್ಕಿ ಇಟ್ಟು ‘ಸ್ಥಳ’, ಇನ್ನೊಂದು ಚುಕ್ಕಿ ಇಟ್ಟು ‘ಹೆಸರು’ ಎಂದರೆ ಸಾಕು, ಹೆಸರು ಬಂದು ಕೂರುತ್ತದೆ. ನೋಡಿದವರಿಗೆ ಪಕ್ಕದಲ್ಲಿದ್ದದ್ದನ್ನು ಎತ್ತಿಕೊಂಡ ಹಾಗೆ ಕಾಣುತ್ತದೆ. ಒಳಗೆ ಆಗುವುದೇ ಬೇರೆ. ಕೇಳುವವರೆಗೆ ಯಾವುದನ್ನೂ ತರುವುದಿಲ್ಲ, ಕೇಳಿದ ಕೂಡಲೇ ಆ ಒಂದಕ್ಕಾಗಿ ಡೇಟಾಬೇಸಿನವರೆಗೆ ಓಡಿ ಬರುತ್ತದೆ. ಇಷ್ಟು ವಿಧೇಯವಾದ ಆಳನ್ನು ನಮ್ಮ ಮೈಸೂರಿನ ಹಳೇ ಮನೆತನಗಳಲ್ಲೂ ಕಾಣೆ. ಆ ವಿಧೇಯತೆಯೇ ತೊಂದರೆ ಎಂದು ಆಮೇಲೆ ತಿಳಿಯಿತು.

ಅವಳು ಕೆಲಸ ಪರೀಕ್ಷಿಸಿದ್ದು ಐದು ಶಾಸನ ಇಟ್ಟುಕೊಂಡು. ಒಂದು ಪ್ರಶ್ನೆ ಪಟ್ಟಿಗೆ. ಪ್ರತಿ ಶಾಸನಕ್ಕೂ ಸ್ಥಳ ಕೇಳಲು ಒಂದು, ಅರಸನನ್ನು ಕೇಳಲು ಒಂದು, ಅದರಲ್ಲಿ ಬರುವ ವ್ಯಕ್ತಿಗಳನ್ನು ಕೇಳಲು ಒಂದು. ಒಟ್ಟು 16. ಕಣ್ಣು ಮಿಟುಕಿಸುವುದರೊಳಗೆ ಪುಟ ಬಂತು. ಬಿಸಿಬೇಳೆಬಾತು ಆಯಿತು.

ಆಮೇಲೆ ನಾವು ಶ್ರವಣಬೆಳಗೊಳ ತುಂಬಿಸಿದೆವು.

ಶ್ರವಣಬೆಳಗೊಳದ್ದು ಬೆಳೆಯುವ ಪಟ್ಟಿ. 1889ರಲ್ಲಿ ರೈಸ್ ಅವರು ಪ್ರಕಟಿಸಿದಾಗ ಅಲ್ಲಿದ್ದದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500 ಆಯಿತು. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊಸ ಆವೃತ್ತಿ ತಂದಾಗ 573. ಅವಳ ಲೆಕ್ಕಾಚಾರದಲ್ಲಿ ರೈಸರ ಕಾಲದ ಪುಟಕ್ಕೆ 433 ಪ್ರಶ್ನೆ, ನರಸಿಂಹಾಚಾರ್ಯರ ಪುಟಕ್ಕೆ 1,501, ಈಗಿನದಕ್ಕೆ 1,720. ಒಂದು ಪ್ರಶ್ನೆಗೆ ಹೋಗಿಬರಲು 5 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಅಪ್ಲಿಕೇಶನ್ ಒಂದು ಕಡೆ, ಪುಕ್ಕಟೆ ಸಿಕ್ಕಿದ ಡೇಟಾಬೇಸ್ ಇನ್ನೊಂದು ಕಡೆ ಇಟ್ಟಿದ್ದರಿಂದ ಅಷ್ಟು. ಗುಣಿಸಿದರೆ ಎಂಟೂವರೆ ಸೆಕೆಂಡ್. ಕಾವೇರಿ ಬಡಾವಣೆಯ ನೀರಿನಂತೆ ಬರುತ್ತೆ ಬರುತ್ತೆ ಎಂದು ಮೇಷ್ಟ್ರು ಕಾದರು. ಆಮೇಲೆ ಕೈಗೆ ಸಿಕ್ಕ ಸಂಪುಟ ತೆಗೆದು, ಕನ್ನಡಕ ಸಿಗಿಸಿ, “ನನ್ನ ಬೆರಳೇ ವಾಸಿ” ಎಂದುಬಿಟ್ಟರು.

ಹುಡುಗಿಗೆ ಅವಮಾನವಾಯಿತು. ಲ್ಯಾಪ್‌ಟಾಪ್ ತಿರುಗಿಸಿ ‘ಡೀಬಗ್ ಟೂಲ್‌ಬಾರ್’ ಎಂಬುದನ್ನು ಹಚ್ಚಿದಳು. ಪುಟ ತಯಾರಾಗುವಾಗ ಡೇಟಾಬೇಸಿಗೆ ಏನೇನು ಕೇಳಿತು ಎಂಬುದನ್ನೆಲ್ಲ ಅದು ಒಂದು ಪಕ್ಕದಲ್ಲಿ ಸಾಲುಸಾಲಾಗಿ ತೋರಿಸುತ್ತದೆ. ನಾನೂ ಕನ್ನಡಕ ಹಾಕಿಕೊಂಡು ಬಗ್ಗಿದೆ. ಒಂದನೆಯ ನಂಬರಿನ ಸ್ಥಳದ ಹೆಸರೇನು? ಚಿಕ್ಕಬೆಟ್ಟ. ಒಂದನೆಯ ನಂಬರಿನ ಸ್ಥಳದ ಹೆಸರೇನು? ಚಿಕ್ಕಬೆಟ್ಟ. ಒಂದನೆಯ ನಂಬರಿನ... ಸಾಲು ಕೆಳಗಿಳಿಸಿದಷ್ಟೂ ಇಳಿಯುತ್ತಿತ್ತು. 573ರಲ್ಲಿ ಚಿಕ್ಕಬೆಟ್ಟದವು 271, ದೊಡ್ಡಬೆಟ್ಟದವು 172, ಊರೊಳಗಿನವು 80, ಸುತ್ತಲ ಹಳ್ಳಿಗಳವು 50. ಎಂದರೆ ನಮ್ಮ ವಿಧೇಯ ಆಳು ಚಿಕ್ಕಬೆಟ್ಟದ ಹೆಸರನ್ನು 271 ಸಲ ಹೋಗಿ ಕೇಳಿಕೊಂಡು ಬಂದಿದ್ದ. ಡೇಟಾಬೇಸ್ 271 ಸಲವೂ ಸಿಟ್ಟಾಗದೆ ಅದೇ ಉತ್ತರ ಕೊಟ್ಟಿತ್ತು. ಚಂದ್ರಗಿರಿ ಎಂಬ ಆ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ಕೂತ ಮುನಿಗಳಿಗೂ ಅಷ್ಟು ಸಹನೆ ಇತ್ತೋ ಇಲ್ಲವೋ.

ಷಡ್ಡಕರ ನೆನಪು ನನಗೆ ಬಂದದ್ದು ಆಗ. ಅವರನ್ನು ತಿದ್ದುವುದು ನನ್ನ ಕೈಲಾಗದ ಕೆಲಸ. ಪ್ರೋಗ್ರಾಮನ್ನು ಅವಳು ಒಂದು ಸಾಲಿನಲ್ಲಿ ತಿದ್ದಿದಳು. ‘ಸೆಲೆಕ್ಟ್ ರಿಲೇಟೆಡ್’ ಎಂದು ಬರೆದು ಸ್ಥಳ ಮತ್ತು ಅರಸನ ಹೆಸರು ಕೊಟ್ಟಳು. ಒಂದು ಶಾಸನಕ್ಕೆ ಸ್ಥಳ ಒಂದೇ, ಅರಸನೂ ಒಬ್ಬನೇ. ಅಂಥವನ್ನು ಪಟ್ಟಿ ಕೇಳುವಾಗಲೇ ಜೊತೆಗೆ ಜೋಡಿಸಿ ಕಳಿಸು ಎಂದು ಡೇಟಾಬೇಸಿಗೇ ಹೇಳುವುದು. ಇದನ್ನು ಜಾಯಿನ್ ಎನ್ನುತ್ತಾರೆ. ಮೂರು ಟೇಬಲ್ಲು, ಪ್ರಶ್ನೆ ಒಂದೇ.

ವ್ಯಕ್ತಿಗಳನ್ನೂ ಅದರಲ್ಲೇ ಸೇರಿಸಬಾರದೇ ಎಂದೆ. ಇಲ್ಲಿ ಅವಳು ಒಂದು ಒಳ್ಳೆಯ ಪಾಠ ಹೇಳಿದಳು. ನಾನು ಬ್ಯಾಂಕಿನವನಾದ್ದರಿಂದ ಗುಣಾಕಾರಕ್ಕೆ ಬೇಗ ಹೆದರುತ್ತೇನೆ. ಅಗ್ರಹಾರ ಕೊಟ್ಟ ಒಂದು ತಾಮ್ರಶಾಸನ ಇದೆ ಅನ್ನಿ. ಅದರಲ್ಲಿ ವೃತ್ತಿ ಪಡೆದ ಬ್ರಾಹ್ಮಣರ ಹೆಸರು ಗೋತ್ರ ಸಮೇತ 60. ಹಳ್ಳಿಯ ಎಲ್ಲೆ ಹೇಳುವ ಗುರುತುಗಳು, ಹುಣಸೆಮರ, ಹುತ್ತ, ನೆಟ್ಟಕಲ್ಲು ಎಂದು 20. ಎರಡನ್ನೂ ಒಂದೇ ಜಾಯಿನ್‌ನಲ್ಲಿ ಕೇಳಿದರೆ ಡೇಟಾಬೇಸ್ 80 ಸಾಲು ಕೊಡುವುದಿಲ್ಲ, 1,200 ಸಾಲು ಕೊಡುತ್ತದೆ. ಪ್ರತಿ ಬ್ರಾಹ್ಮಣನನ್ನೂ ಪ್ರತಿ ಹುಣಸೆಮರದ ಕೆಳಗೂ ಒಮ್ಮೆ ನಿಲ್ಲಿಸುತ್ತದೆ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ದಾನ ಪಡೆದವರು ನಿಜಕ್ಕೂ ಎಲ್ಲೆ ಸುತ್ತಿ ನೋಡಿಕೊಂಡಿದ್ದಾರು, ತಪ್ಪೇನು ಎಂದರು.

ಅದಕ್ಕೇ ಹಲವಾಗಿರುವುದನ್ನು ಬೇರೆಯಾಗಿ ತರಬೇಕಂತೆ. ‘ಪ್ರಿಫೆಚ್ ರಿಲೇಟೆಡ್’ ಎಂದು ಅದರ ಹೆಸರು, ಜ್ಯಾಂಗೊಗೆ 2012ರಲ್ಲಿ ಸೇರಿದ್ದು. ಮೊದಲ ಪ್ರಶ್ನೆಯಲ್ಲಿ ಬಂದ 573 ಶಾಸನಗಳ ನಂಬರನ್ನೂ ಒಟ್ಟಿಗೆ ಕೊಟ್ಟು, ಈ ನಂಬರುಗಳಿಗೆ ಸೇರಿದ ವ್ಯಕ್ತಿಗಳೆಲ್ಲ ಬನ್ನಿ ಎಂದು ಒಂದೇ ಸಲ ಕೂಗುವುದು. ಬಂದವರನ್ನು ಅವರವರ ಶಾಸನದ ಪಕ್ಕ ಕೂರಿಸುವ ಕೆಲಸ ಡೇಟಾಬೇಸಿನದಲ್ಲ, ಪ್ರೋಗ್ರಾಮಿನದು. ಅಲ್ಲಿಗೆ ಒಟ್ಟು ಪ್ರಶ್ನೆ ಎರಡು. 1,720 ಹೋಗಿ ಎರಡು. ಪುಟ ತಟ್ಟನೆ ಬಂತು. ಮೇಷ್ಟ್ರು ಸಂಪುಟ ಮುಚ್ಚಿದರು, ಆದರೆ ಬೆರಳು ಮಾತ್ರ ಒಳಗೇ ಇಟ್ಟುಕೊಂಡಿದ್ದರು. ಇತಿಹಾಸದ ಮೇಷ್ಟ್ರು, ಯಾವುದನ್ನೂ ಬೇಗ ನಂಬುವವರಲ್ಲ.

ಗೆಲುವಿನ ಹುರುಪಿನಲ್ಲಿ ಮನುಷ್ಯರು ಏನು ಮಾಡುತ್ತಾರೋ ಅವಳೂ ಅದನ್ನೇ ಮಾಡಿದಳು. ಇರುವುದನ್ನೆಲ್ಲ ಒಟ್ಟಿಗೆ ತರಿಸಿದಳು. ಕನ್ನಡ ಪಾಠ, ರೋಮನ್ ಪಾಠ, ಅನುವಾದ, ಟಿಪ್ಪಣಿ, ಎಲ್ಲ 573ಕ್ಕೂ. ಪ್ರಶ್ನೆಯ ಲೆಕ್ಕ ಚೊಕ್ಕವಾಗಿಯೇ ಇತ್ತು, ಪುಟ ಮಾತ್ರ ಮತ್ತೆ ತೇಕತೊಡಗಿತು. ಪಟ್ಟಿಯ ಪುಟದಲ್ಲಿ ಕಾಣುವುದು ಶಾಸನದ ಹೆಸರು, ಜಾಗ, ಕಾಲ, ಅರಸ, ವ್ಯಕ್ತಿಗಳು, ಅಷ್ಟೇ. ಗೊಮ್ಮಟನ ಪಾದದ ಬಳಿ ಇರುವಂಥ ಒಂದು ಸಾಲಿನ ಶಾಸನವಾದರೆ ಚಿಂತೆಯಿಲ್ಲ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ ಮಲ್ಲಿಷೇಣ ಪ್ರಶಸ್ತಿ ಇದೆ, 12ನೇ ಶತಮಾನದ್ದು, ಕಂಬದ ನಾಲ್ಕೂ ಮುಖಕ್ಕೆ ಹರಡಿಕೊಂಡ ಸಂಸ್ಕೃತ ಕಾವ್ಯ. ಅದರ ಹೆಸರೊಂದನ್ನು ತೋರಿಸಲು ಅಷ್ಟೂ ಶ್ಲೋಕಗಳನ್ನು ಹೊತ್ತು ತರುವುದು ಯಾವ ನ್ಯಾಯ? ಬೇಡದ ಕಾಲಂಗಳನ್ನು ಬಿಟ್ಟು, ಬೇಕಾದವನ್ನು ಮಾತ್ರ ಕೇಳುವ ಹಾಗೆ ತಿದ್ದಿದಳು. ನನ್ನ ಅಭಿಪ್ರಾಯದಲ್ಲಿ ಅವಳ ಕಸುಬಿನ ನಿಜವಾದ ಜಾಣತನ ಇರುವುದು ಇಲ್ಲೇ. ಒಂದೊಂದಾಗಿ ತರಬೇಕೋ ಒಟ್ಟಾಗಿ ತರಬೇಕೋ ಎಂಬುದಕ್ಕಿಂತ, ಓದುವವನು ಈ ಪುಟದಲ್ಲಿ ಏನನ್ನು ನೋಡಲಿದ್ದಾನೆ ಎಂಬುದು ಹೊರಡುವ ಮೊದಲೇ ಗೊತ್ತಿರಬೇಕು. ಅದು ಯಂತ್ರಕ್ಕೆ ತಿಳಿಯುವ ವಿಷಯವಲ್ಲ, ಮೇಷ್ಟ್ರನ್ನು ಕೇಳಬೇಕು. ಮೇಷ್ಟ್ರನ್ನು ಕೇಳುವುದೆಂದರೆ ಎರಡು ಲೋಟ ಕಾಫಿಯ ಕೆಲಸ.

ಒಂದು ಸಲ ತಿದ್ದಿದರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಮುಗಿಯುವುದಿಲ್ಲವಂತೆ. ನಾಳೆ ಇನ್ನೊಬ್ಬರು ಬಂದು ಪುಟದಲ್ಲಿ ಮುಗ್ಧವಾಗಿ ಒಂದು ಚುಕ್ಕಿ ಇಟ್ಟರೆ ಮತ್ತೆ 573 ಓಟ ಶುರು, ಮತ್ತೆ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲರೂ ಐದು ಶಾಸನ ಇಟ್ಟುಕೊಂಡೇ ಪರೀಕ್ಷೆ ಮಾಡುತ್ತಾರೆ. ರೂಬಿ ಆನ್ ರೈಲ್ಸ್, ಲಾರವೆಲ್ ಬಳಸುವವರಿಗೆ ಹೀಗೆ ಕದ್ದು ಓಡುವುದನ್ನೇ ನಿಷೇಧಿಸುವ ಏರ್ಪಾಡೂ ಇದೆಯಂತೆ, ಓಡಿದರೆ ಪ್ರೋಗ್ರಾಮು ಅಲ್ಲೇ ನಿಂತು ದೂರು ಕೊಡುತ್ತದೆ. ನಮ್ಮವಳು ಒಂದು ಟೆಸ್ಟ್ ಬರೆದಿಟ್ಟಳು: ಶ್ರವಣಬೆಳಗೊಳದ ಪುಟ ತಯಾರಾಗಲು ಪ್ರಶ್ನೆ ಎರಡೇ ಇರಬೇಕು. ಹೆಚ್ಚಾದರೆ ಕೆಂಪು. ಮಂಜೂರಾದ ಮೊತ್ತಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಹೋದರೂ ಕಡತ ವಾಪಸ್ಸು ಕಳಿಸುತ್ತಿದ್ದ ನನಗೆ ಈ ಟೆಸ್ಟು ಎಂಬ ವಸ್ತುವಿನ ಮೇಲೆ ಬಹಳ ಗೌರವ ಬಂತು.

ಮೊನ್ನೆ ಮೇಷ್ಟ್ರು ಹೊಸ ಬೇಡಿಕೆ ತಂದರು. ಹೊಸ ಆವೃತ್ತಿಯಲ್ಲಿ ಶಾಸನಗಳ ಕ್ರಮಸಂಖ್ಯೆ ಬದಲಾಗಿದೆ. ಹಳೆಯ ಲೇಖನಗಳಲ್ಲಿ ರೈಸರ ಸಂಖ್ಯೆ ಇರುತ್ತದೆ, ನಡುವಿನವರಲ್ಲಿ ನರಸಿಂಹಾಚಾರ್ಯರದು, ಈಚಿನವರಲ್ಲಿ 1973ರದು. ಒಂದೇ ಕಲ್ಲಿಗೆ ಮೂರು ಗುರುತು. ಮೂರನ್ನೂ ಪಟ್ಟಿಯಲ್ಲಿ ಪಕ್ಕಪಕ್ಕ ಹಾಕಿದರೆ ಸಂಶೋಧನೆ ಮಾಡುವ ಹುಡುಗರು ಬದುಕುತ್ತಾರೆ ಎಂದರು. ನಂಬರುಗಳಿಗೆ ಬೇರೆ ಟೇಬಲ್ ಬೇಕಾಯಿತು. ಅವಳು ಟೈಪ್ ಮಾಡಿದಳು, ಟೆಸ್ಟ್ ಓಡಿಸಿದಳು. ಕೆಂಪು ಬಂತು.

“ಏನಮ್ಮಾ, ಇನ್ನೂ 573 ಜಾಸ್ತಿ ಆಯ್ತಾ?” ಮೇಷ್ಟ್ರ ದನಿಯಲ್ಲಿ ನಿಜವಾದ ಕಳವಳವಿತ್ತು.

“ಇಲ್ಲ ಸರ್, ಒಂದೇ. ಮೂರಾಯ್ತು.”

ಎರಡು ಎಂದಿದ್ದುದನ್ನು ಅಳಿಸಿ ಮೂರು ಎಂದು ಬರೆದಳು. ಹಸಿರಾಯಿತು. ಮೇಷ್ಟ್ರಿಗೆ ಇದು ಸರಿಬರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಹೀಗೆ ಬೇಕಾದಾಗ ತಿದ್ದಿಕೊಳ್ಳಬಹುದಾದರೆ ಅದು ಎಂಥ ಪರೀಕ್ಷೆ, ಮೊದಲೇ ಹತ್ತು ಎಂದು ಬರೆದುಕೊಂಡಿದ್ದರೆ ಇಷ್ಟು ಗಾಬರಿ ಇರುತ್ತಿರಲಿಲ್ಲವಲ್ಲ ಎಂದರು.

“ಹತ್ತು ಅಂತ ಬರೆದಿದ್ರೆ ನೀವು ಇನ್ನೂ ಎಂಟು ಕಾಲಂ ಕೇಳ್ತಿದ್ರಿ, ಸರ್” ಎಂದು ಅವಳು ತಟ್ಟೆ ಮುಂದೆ ಎಳೆದುಕೊಂಡಳು.